ಎಂಟು ನಿಮಿಷದ ಜಂಕ್ಷನ್: ಯುರೋಪಿನ ರೈಲು ವೇಳಾಪಟ್ಟಿ ಓದುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ರೈಲಿನ ಮಾತು ಬಂದರೆ ಮೊದಲು ಕೇಳುವುದು ಒಂದೇ: "ಡೈರೆಕ್ಟ್ ಗಾಡಿ ಇದೆಯಾ?" ಇಲ್ಲ ಅಂದರೆ ಬಸ್ಸಿನ ಕಡೆ ನೋಡುತ್ತೇವೆ. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ಇಳಿದು ಇನ್ನೊಂದು ಗಾಡಿ ಹಿಡಿಯಲೇಬೇಕಾಗಿ ಬಂದರೆ ನಡುವೆ ಎರಡು ಗಂಟೆಯಾದರೂ ಇಟ್ಟುಕೊಳ್ಳುತ್ತೇವೆ, ಕಾಫಿ ತಿಂಡಿ ಎಲ್ಲ ಮುಗಿಯಲಿ ಅಂತ. ಯುರೋಪಿನಲ್ಲಿ ಎಂಟು ನಿಮಿಷಕ್ಕೆ, ಹನ್ನೆರಡು ನಿಮಿಷಕ್ಕೆ ಗಾಡಿ ಬದಲಿಸುವುದು ದಿನನಿತ್ಯದ ಸಂಗತಿ. ಅಲ್ಲಿನ ವೇಳಾಪಟ್ಟಿಯನ್ನು ಹೆಣೆದಿರುವುದೇ ಹಾಗೆ. ಆದ್ದರಿಂದ ಹೊರಡುವ ಹೊತ್ತು, ಸೇರುವ ಹೊತ್ತು ಎರಡನ್ನೇ ನೋಡಿ ಟಿಕೆಟ್ ತೆಗೆದವರು ಅರ್ಧ ಕೆಲಸವನ್ನೂ ಮಾಡಿರುವುದಿಲ್ಲ. ನೋಡಬೇಕಾದ್ದು ನಡುವಿನ ಜಂಕ್ಷನ್ನು. ಎಲ್ಲಿ ಇಳಿಯುತ್ತೀರಿ, ಎಷ್ಟು ನಿಮಿಷ ಇದೆ, ಆ ನಿಮಿಷ ನಂಬುವಂಥದ್ದೇ, ಕನೆಕ್ಷನ್ ತಪ್ಪಿದರೆ ಯಾರು ಹೊಣೆ. ನನ್ನ ಮಾತು ಬಹುಪಾಲು ಇದರ ಸುತ್ತಲೇ ಇರುತ್ತದೆ.

ಯಾವ ಸೈಟು?

ಒಂದು ಕಾಲದಲ್ಲಿ ಇದಕ್ಕೆಲ್ಲ ಒಂದೇ ಪುಸ್ತಕ ಇತ್ತು. ಥಾಮಸ್ ಕುಕ್ ಕಂಪನಿ 1873ರಿಂದ 2013ರವರೆಗೆ ಅಚ್ಚುಹಾಕುತ್ತಿದ್ದ ವೇಳಾಪಟ್ಟಿ. ಈಗ ಆ ಜಾಗದಲ್ಲಿ ಹತ್ತಾರು ಸೈಟುಗಳಿವೆ, ಒಂದೊಂದಕ್ಕೂ ಒಂದೊಂದು ಕುರುಡು ಮೂಲೆ ಇದೆ.

ಹುಡುಕಾಟ ಶುರುಮಾಡಲು ಜರ್ಮನ್ ರೈಲ್ವೆಯ ಸೈಟು ಒಳ್ಳೆಯದು: ಬಾನ್ ಡಾಟ್ ಡಿಇ. ಅದರ ಆ್ಯಪ್ ಹೆಸರು ಡಿಬಿ ನ್ಯಾವಿಗೇಟರ್. ಜರ್ಮನಿಯನ್ನು ಮುಟ್ಟದ ಪ್ರಯಾಣಕ್ಕೂ, ಅಂದರೆ ಮಿಲಾನ್‌ನಿಂದ ಜಿನೀವಾಕ್ಕೋ ಬುಡಾಪೆಸ್ಟ್‌ನಿಂದ ಪ್ರಾಗ್‌ಗೋ ಹೋಗುವವರಿಗೂ, ಅದು ಹೊತ್ತು ತೋರಿಸುತ್ತದೆ. ಕಾರಣ ಸರಳ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟವಾದ ಯುಐಸಿ 'ಮೆರಿಟ್ಸ್' ಎಂಬ ಒಂದು ಸಾಮಾನ್ಯ ಕಣಜ ನಡೆಸುತ್ತದೆ. ಬೇರೆ ಬೇರೆ ದೇಶದ ರೈಲ್ವೆಗಳು ತಮ್ಮ ವೇಳಾಪಟ್ಟಿಯನ್ನು ಅಲ್ಲಿ ತಂದು ಸುರಿಯುತ್ತವೆ.

ಆದರೆ ಸೈಟು ಹೊತ್ತು ತೋರಿಸಿತು ಅಂದ ಮಾತ್ರಕ್ಕೆ ಟಿಕೆಟನ್ನೂ ಮಾರುತ್ತದೆ ಅಂತಲ್ಲ. "ದರ ಲಭ್ಯವಿಲ್ಲ" ಅನ್ನುವ ಸಾಲು ಕಂಡ ಕೂಡಲೇ ಗಾಡಿ ಭರ್ತಿಯಾಗಿದೆ ಅಂದುಕೊಳ್ಳುವವರು ಬಹಳ. ಹೆಚ್ಚಿನ ಸಲ ಅದರ ಅರ್ಥ, ಆ ಟಿಕೆಟನ್ನು ನಾವು ಮಾರುವುದಿಲ್ಲ, ಆ ದೇಶದವರ ಹತ್ತಿರ ಹೋಗಿ ಅಂತ. ಇಟಲಿಗೆ ಟ್ರೆನಿಟಾಲಿಯಾ, ಫ್ರಾನ್ಸಿಗೆ ಎಸ್‌ಎನ್‌ಸಿಎಫ್ ಕನೆಕ್ಟ್, ಆಸ್ಟ್ರಿಯಾಕ್ಕೆ ಓಬಿಬಿ, ಸ್ವಿಟ್ಜರ್ಲೆಂಡಿಗೆ ಎಸ್‌ಬಿಬಿ, ಸ್ಪೇನಿಗೆ ರೆನ್ಫೆ.

ಇನ್ನೊಂದು ಕುರುಡು ಮೂಲೆ ಖಾಸಗಿ ಗಾಡಿಗಳದ್ದು. ಇಟಲಿಯ ಹೈಸ್ಪೀಡ್ ಹಳಿಯ ಮೇಲೆ 2012ರಿಂದ ಇಟಾಲೊ ಓಡುತ್ತಿದೆ. ಟ್ರೆನಿಟಾಲಿಯಾದ ಸೈಟಿನಲ್ಲಿ ಅದನ್ನು ಹುಡುಕಿದರೆ ಸಿಗದು, ಎದುರಾಳಿಯ ಅಂಗಡಿ ನೋಡಿ. ವಿಯೆನ್ನಾ–ಸಾಲ್ಜ್‌ಬರ್ಗ್ ನಡುವೆ ವೆಸ್ಟ್‌ಬಾನ್ ಇದೆ, ಪ್ರಾಗ್ ಕಡೆಗೆ ರೆಜಿಯೋಜೆಟ್ ಇದೆ. ಇವುಗಳ ಟಿಕೆಟ್ ಇವುಗಳಿಗೇ. ವೆಸ್ಟ್‌ಬಾನ್ ಟಿಕೆಟ್ ಕೈಯಲ್ಲಿ ಹಿಡಿದು ಅದೇ ಪ್ಲಾಟ್‌ಫಾರಂನಲ್ಲಿ ಹತ್ತು ನಿಮಿಷ ಮೊದಲು ಬಂದ ಓಬಿಬಿ ಗಾಡಿ ಹತ್ತಿದರೆ ಮತ್ತೆ ಪೂರ್ತಿ ದುಡ್ಡು ತೆರಬೇಕಾಗುತ್ತದೆ.

ಹೆಸರಿನ ತೊಡಕು

ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿದರೆ ಬಹುತೇಕ ಸೈಟುಗಳು ಅರ್ಥಮಾಡಿಕೊಳ್ಳುತ್ತವೆ. ಆದರೆ ನಿಲ್ದಾಣದ ಬೋರ್ಡಿಗೆ ಇಂಗ್ಲಿಷ್ ಬಾರದು. ವಿಯೆನ್ನಾ ಅಲ್ಲಿ ವೀನ್, ಪ್ರಾಗ್ ಪ್ರಾಹಾ, ವೆನಿಸ್ ವೆನೆತ್ಸಿಯಾ, ಫ್ಲಾರೆನ್ಸ್ ಫಿರೆಂತ್ಸೆ. ಬೆಲ್ಜಿಯಂನ ಲಿಯೆಜ್ ಡಚ್‌ನಲ್ಲಿ ಲೌಕ್, ಜರ್ಮನ್‌ನಲ್ಲಿ ಲ್ಯುಟಿಶ್. ಬ್ರಸೆಲ್ಸ್‌ನ ಒಂದೇ ದೊಡ್ಡ ನಿಲ್ದಾಣಕ್ಕೆ ಫ್ರೆಂಚ್‌ನಲ್ಲಿ ಮಿದಿ, ಡಚ್‌ನಲ್ಲಿ ಜೌದ್. ಬೋರ್ಡಿನಲ್ಲಿ ಎರಡೂ ಇರುತ್ತವೆ, ಎರಡೂ ಒಂದೇ ಜಾಗ. ಬೆಳಗಾವಿ–ಬೆಲಗಾಂ ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ ಬಿಡಿ.

ಒಂದೇ ಊರಿಗೆ ಎರಡು ಹೆಸರಿದ್ದರೆ ಗಲಿಬಿಲಿಯಾಗುತ್ತದೆ, ಅಷ್ಟೆ. ಎರಡು ಊರಿಗೆ ಒಂದೇ ಹೆಸರಿದ್ದರೆ ಪ್ರಯಾಣವೇ ಕೆಡುತ್ತದೆ. ಫ್ರಾಂಕ್‌ಫರ್ಟ್ ಎರಡಿವೆ: ಮೈನ್ ನದಿಯ ಮೇಲಿನದು, ನೀವು ವಿಮಾನ ಇಳಿಯುವುದು; ಓಡರ್ ನದಿಯ ಮೇಲಿನದು, ಪೋಲೆಂಡಿನ ಗಡಿಯಲ್ಲಿರುವುದು. ಫ್ರೈಬುರ್ಗ್ ಜರ್ಮನಿಯಲ್ಲಿದೆ, ಫ್ರಿಬೂರ್ ಸ್ವಿಟ್ಜರ್ಲೆಂಡಿನಲ್ಲಿದೆ, ಜರ್ಮನ್‌ನಲ್ಲಿ ಅದನ್ನೂ ಫ್ರೈಬುರ್ಗ್ ಅಂತಲೇ ಬರೆಯುತ್ತಾರೆ.

ಊರೊಳಗಿನ ನಿಲ್ದಾಣವನ್ನೂ ನೋಡಿಕೊಳ್ಳಬೇಕು. ವೆನಿಸ್‌ಗೆ ಹೋಗುವವರು ಮೆಸ್ತ್ರೆಯಲ್ಲಿ ಇಳಿದರೆ ನೀರೂ ಕಾಣದು, ದೋಣಿಯೂ ಕಾಣದು. ಇಳಿಯಬೇಕಾದ್ದು ಸಾಂತಾ ಲೂಚಿಯಾದಲ್ಲಿ. ಬಾಸೆಲ್‌ನಲ್ಲಿ ಒಂದು ನಿಲ್ದಾಣ ಸ್ವಿಸ್ ರೈಲ್ವೆಯದು, ಇನ್ನೊಂದು ಅದೇ ಊರಿನೊಳಗಿದ್ದರೂ ಜರ್ಮನ್ ರೈಲ್ವೆಯದು. ಬುಡಾಪೆಸ್ಟ್‌ನಲ್ಲಿ ದೊಡ್ಡವು ಮೂರು: ಕೆಲೆತಿ, ನ್ಯುಗತಿ, ದೇಲಿ. ಪ್ಯಾರಿಸ್‌ನ ಕಥೆ ಇನ್ನೂ ದೊಡ್ಡದು. ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಕಡೆಯ ಗಾಡಿಗಳು ಗಾರ್ ದ್ಯು ನೋರ್‌ನಿಂದ. ಜರ್ಮನಿಯ ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್ ಕಡೆಯವು ಗಾರ್ ದ ಲೆಸ್ತ್‌ನಿಂದ. ಜೂರಿಕ್, ಜಿನೀವಾ, ಮಿಲಾನ್, ಲಿಯಾನ್ ಕಡೆಯವು ಗಾರ್ ದ ಲಿಯಾನ್‌ನಿಂದ. ನೋರ್‌ನಿಂದ ಲೆಸ್ತ್‌ಗೆ ಪೆಟ್ಟಿಗೆ ಎಳೆದುಕೊಂಡು ಹತ್ತು ನಿಮಿಷದಲ್ಲಿ ನಡೆಯಬಹುದು. ನೋರ್‌ನಿಂದ ಲಿಯಾನ್ ನಿಲ್ದಾಣಕ್ಕೆ ಊರೊಳಗಿನ ರೈಲಾದ ಆರ್‌ಇಆರ್‌ನ ಡಿ ಲೈನಿನಲ್ಲಿ ಎರಡನೇ ಸ್ಟಾಪು. ನಕ್ಷೆಯಲ್ಲಿ ಅದು ಚಿಕ್ಕ ಗೆರೆ, ಆದರೂ ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳುವುದು ಜಾಣತನವಲ್ಲ.

ದಿನಾಂಕದ ಬಲೆ

ಯುರೋಪಿನ ರೈಲು ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಡಿಸೆಂಬರ್‌ನ ಎರಡನೇ ಶನಿವಾರದ ನಡುರಾತ್ರಿ ಹಳೆಯ ವೇಳಾಪಟ್ಟಿ ಮುಗಿದು ಭಾನುವಾರ ಹೊಸದು ಬರುತ್ತದೆ. ಜೂನ್‌ನಲ್ಲಿ ಒಂದು ಸಣ್ಣ ಪರಿಷ್ಕರಣೆ ಇರುತ್ತದೆ. ಕ್ರಿಸ್ಮಸ್ ರಜೆಯ ಪ್ರಯಾಣವನ್ನು ಆಗಸ್ಟ್‌ನಲ್ಲೇ ಹುಡುಕಿದರೆ "ಗಾಡಿ ಇಲ್ಲ" ಎಂಬ ಉತ್ತರ ಬರುವುದು ಇದಕ್ಕೇ. ಗಾಡಿ ಇಲ್ಲದೆ ಇಲ್ಲ, ಮಾಹಿತಿಯನ್ನು ಇನ್ನೂ ತುಂಬಿಲ್ಲ.

ಇದಕ್ಕಿಂತ ಕೆಟ್ಟದ್ದು ಅರೆಬರೆ ತುಂಬಿರುವ ದಿನಾಂಕ. ಹೈಸ್ಪೀಡ್ ಗಾಡಿಗಳನ್ನು ಇನ್ನೂ ತೆರೆದಿರುವುದಿಲ್ಲ, ಪ್ಯಾಸೆಂಜರ್ ಗಾಡಿಗಳು ಮಾತ್ರ ಕಾಣುತ್ತವೆ; ಮೂರು ಗಂಟೆಯ ದಾರಿಗೆ ಸೈಟು ಏಳು ಗಂಟೆ, ನಾಲ್ಕು ಬದಲಾವಣೆ ತೋರಿಸುತ್ತದೆ. ನೋಡಿದವರು "ಅಯ್ಯೋ, ಇಷ್ಟು ಕಷ್ಟವಾ" ಅಂತ ವಿಮಾನದ ಟಿಕೆಟ್ ತೆಗೆದುಬಿಡುತ್ತಾರೆ. ಮಾಡಬೇಕಾದ್ದು ಇಷ್ಟು: ನಿಮ್ಮ ಪ್ರಯಾಣ ಮಂಗಳವಾರವಾದರೆ, ಮೂರು ನಾಲ್ಕು ವಾರದೊಳಗಿನ ಯಾವುದಾದರೂ ಒಂದು ಮಂಗಳವಾರ ಹಾಕಿ ನೋಡಿ. ವಾರದ ದಿನ ಅದೇ ಇರಲಿ, ಏಕೆಂದರೆ ಶನಿವಾರ ಭಾನುವಾರದ ಗಾಡಿಗಳೇ ಬೇರೆ. ಹಾಗೆ ಸಿಕ್ಕಿದ್ದು ಸಹಜ ವೇಳಾಪಟ್ಟಿ. ಟಿಕೆಟ್ ತೆರೆದ ಮೇಲೆ ಅದರೊಂದಿಗೆ ತಾಳೆ ನೋಡಿದರಾಯಿತು.

ಒಂದು ದಾರಿಯನ್ನು ಬಿಡಿಸಿ ನೋಡೋಣ

ಪ್ಯಾರಿಸ್‌ನಿಂದ ವಿಯೆನ್ನಾ. ನೇರ ಗಾಡಿ ಇಲ್ಲ. ಇತ್ತು ಅಂತ ಹಳೆಯ ಪ್ರವಾಸ ಬರಹಗಳಲ್ಲಿ ಓದುತ್ತೀರಿ: ರಾತ್ರಿ ಗಾಡಿ ನೈಟ್‌ಜೆಟ್ 2021ರ ಡಿಸೆಂಬರ್‌ನಲ್ಲಿ ಶುರುವಾಗಿ, ಫ್ರಾನ್ಸ್ ಸರ್ಕಾರದ ನೆರವು ನಿಂತದ್ದರಿಂದ 2025ರ ಡಿಸೆಂಬರ್ ವೇಳಾಪಟ್ಟಿಯಿಂದ ಹೊರಬಿತ್ತು. ಎರಡು ವರ್ಷದ ಹಿಂದಿನ ಪ್ರವಾಸ ಬರಹವನ್ನು ವೇಳಾಪಟ್ಟಿ ಅಂತ ನಂಬಬಾರದು ಅನ್ನುವುದಕ್ಕೆ ಇದೊಂದೇ ಸಾಕು.

ಹಗಲು ದಾರಿ ಮುಖ್ಯವಾಗಿ ಮೂರು. ಒಂದು, ಗಾರ್ ದ ಲೆಸ್ತ್‌ನಿಂದ ಫ್ರಾಂಕ್‌ಫರ್ಟಿಗೆ ಸುಮಾರು ನಾಲ್ಕು ಗಂಟೆ, ಅಲ್ಲಿಂದ ನ್ಯೂರೆಂಬರ್ಗ್, ಪಾಸೌ, ಲಿನ್ಜ್ ಮೇಲೆ ವಿಯೆನ್ನಾಕ್ಕೆ ಸುಮಾರು ಆರೂವರೆ ಗಂಟೆ. ಎರಡು, ಅದೇ ನಿಲ್ದಾಣದಿಂದ ಸ್ಟುಟ್‌ಗಾರ್ಟ್‌ಗೆ ಸುಮಾರು ಮೂರೂಕಾಲು ಗಂಟೆ, ಅಲ್ಲಿಂದ ಮ್ಯೂನಿಕ್‌ಗೆ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಆಸ್ಟ್ರಿಯಾದ ವೇಗದ ಗಾಡಿ ರೈಲ್‌ಜೆಟ್ ಹಿಡಿದು ಸಾಲ್ಜ್‌ಬರ್ಗ್ ಮೇಲೆ ವಿಯೆನ್ನಾಕ್ಕೆ ಸುಮಾರು ನಾಲ್ಕು ಗಂಟೆ. ಮೂರು, ಗಾರ್ ದ ಲಿಯಾನ್‌ನಿಂದ ಜೂರಿಕ್‌ಗೆ ನಾಲ್ಕು ಗಂಟೆ ಚಿಲ್ಲರೆ, ಅಲ್ಲಿಂದ ಆರ್ಲ್‌ಬರ್ಗ್, ಇನ್ಸ್‌ಬ್ರುಕ್ ಮೇಲೆ ವಿಯೆನ್ನಾಕ್ಕೆ ಎಂಟು ಗಂಟೆಗೆ ಸ್ವಲ್ಪ ಕಡಿಮೆ.

ಸೈಟಿಗೆ ಕೇಳಿದರೆ ಮೂರನೆಯದನ್ನು ಅದು ತೋರಿಸದೆಯೂ ಇರಬಹುದು. ಅದಕ್ಕೆ ಗೊತ್ತಿರುವ ಒಳ್ಳೆಯ ದಾರಿ ಅಂದರೆ ಬೇಗ ಸೇರುವ ದಾರಿ. ಆಲ್ಪ್ಸ್ ನೋಡುತ್ತಾ ಹೋಗುವ ಆಸೆಯನ್ನು ನೀವೇ ಹೇಳಬೇಕು. ಹುಡುಕಾಟದ ಪೆಟ್ಟಿಗೆಯ ಕೆಳಗೆ 'ವಯಾ', ಜರ್ಮನ್ ಸೈಟಿನಲ್ಲಿ 'ನಡುವಿನ ನಿಲುಗಡೆ' ಅಂತ ಒಂದು ಖಾನೆ ಇರುತ್ತದೆ. ಅಲ್ಲಿ ಜೂರಿಕ್ ಅಂತ ಹಾಕಿ, ದಾರಿ ತಿರುಗುತ್ತದೆ. ನಿಲ್ಲುವ ಅವಧಿಯನ್ನೂ ಹೇಳಬಹುದು. ಮಧ್ಯಾಹ್ನದ ಊಟಕ್ಕೆ ಎರಡು ಗಂಟೆ ಬೇಕೆಂದರೆ ಅದಕ್ಕೆ ಸರಿಯಾಗಿ ಮುಂದಿನ ಗಾಡಿ ಕೊಡುತ್ತದೆ.

ಹುಡುಕಾಟದ ಇನ್ನೊಂದು ಉಪಯೋಗ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಬೆರ್ನಿನಾ ಹಳಿ 2,253 ಮೀಟರ್ ಎತ್ತರ ಹತ್ತಿ ಇಟಲಿಯ ತಿರಾನೋಕ್ಕೆ ಇಳಿಯುತ್ತದೆ. 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ದೊಡ್ಡ ಗಾಜಿನ ಪ್ರವಾಸಿ ಗಾಡಿಗೆ ರಿಸರ್ವೇಶನ್ ಕಡ್ಡಾಯ, ಅದಕ್ಕೆ ಬೇರೆ ದುಡ್ಡು. ಅದೇ ಹಳಿಯ ಮೇಲೆ ಊರಿನವರು ಓಡಾಡುವ ಸಾಮಾನ್ಯ ಗಾಡಿಯೂ ಹೋಗುತ್ತದೆ, ಅದಕ್ಕೆ ಟಿಕೆಟ್ ಒಂದಿದ್ದರೆ ಸಾಕು. ಸೇಂಟ್ ಮೊರಿಟ್ಜ್‌ನಿಂದ ತಿರಾನೋ ಅಂತ ಹುಡುಕಿ, ಗಾಡಿಯ ಹೆಸರಿನ ಮುಂದೆ 'ಆರ್' ಅಥವಾ 'ಆರ್‌ಇ' ಇರುವುದನ್ನು ಹಿಡಿಯಿರಿ. ಅದರ ಕಿಟಕಿ ಕೆಳಗೆ ಇಳಿಸಲು ಬರುತ್ತದೆ. ಫೋಟೊ ತೆಗೆಯುವವರಿಗೆ ಅದೇ ಮೇಲು.

ನಿಮಿಷ ನಿಮಿಷದ ಬೆಲೆ ಬೇರೆ

ಸ್ವಿಸ್ ರೈಲ್ವೆ 1982ರಲ್ಲಿ ಇಡೀ ದೇಶಕ್ಕೆ ಗಡಿಯಾರದ ಮುಳ್ಳಿಗೆ ಕಟ್ಟಿದ ವೇಳಾಪಟ್ಟಿ ತಂದಿತು, 2004ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿತು. ಜೂರಿಕ್‌ನಂಥ ದೊಡ್ಡ ಜಂಕ್ಷನ್‌ಗೆ ನಾಲ್ಕು ದಿಕ್ಕಿನಿಂದ ಗಾಡಿಗಳು ಗಂಟೆ ಹೊಡೆಯುವ ಸ್ವಲ್ಪ ಮೊದಲು ಬಂದು ಸೇರುತ್ತವೆ, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ನಾಲ್ಕು ದಿಕ್ಕಿಗೆ ಹೊರಡುತ್ತವೆ. ಆ ನಡುವಿನ ಏಳೆಂಟು ನಿಮಿಷ ಇರುವುದೇ ಜನ ಬದಲಿಸಲಿ ಅಂತ. ಅದು ತಪ್ಪಿದರೂ ಅರ್ಧ ಗಂಟೆಗೋ ಒಂದು ಗಂಟೆಗೋ ಅದೇ ನಿಮಿಷಕ್ಕೆ ಇನ್ನೊಂದು ಗಾಡಿ ಬರುತ್ತದೆ.

ಜರ್ಮನಿಯಲ್ಲಿ ಕಾಣುವ ಏಳೆಂಟು ನಿಮಿಷಕ್ಕೆ ಈ ಬಲವಿಲ್ಲ. 2024ರಲ್ಲಿ ಜರ್ಮನ್ ರೈಲ್ವೆಯಾದ ಡಾಯ್ಚ ಬಾನ್‌ನ ದೂರದ ಗಾಡಿಗಳಲ್ಲಿ ಸಮಯಕ್ಕೆ ಬಂದವು ಶೇ. 62.5. ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವಾದುದನ್ನು 'ಸಮಯಕ್ಕೆ ಸರಿಯಾಗಿ' ಅಂತ ಎಣಿಸಿ. ಅದೇ ವರ್ಷ ಸ್ವಿಸ್ ರೈಲ್ವೆಯದು ಶೇ. 93ಕ್ಕೂ ಮಿಕ್ಕಿ, ಅವರ ಅಳತೆಗೋಲು ಮೂರೇ ನಿಮಿಷ. ಜರ್ಮನಿಯಿಂದ ತೀರಾ ತಡವಾಗಿ ಬರುವ ಗಾಡಿಗಳನ್ನು ಸ್ವಿಸ್‌ನವರು ಬಾಸೆಲ್‌ನಲ್ಲೇ ನಿಲ್ಲಿಸಿ, ಮುಂದಕ್ಕೆ ತಮ್ಮ ಗಾಡಿ ಬಿಡುವುದೂ ಉಂಟು. ತಮ್ಮ ನೇಯ್ಗೆಯ ಎಳೆ ತಪ್ಪಬಾರದಲ್ಲ.

ಹಾಗಾಗಿ ಜರ್ಮನಿಯಲ್ಲಿ ಗಾಡಿ ಬದಲಿಸುವವರು ಹುಡುಕಾಟದ ಆಯ್ಕೆಗಳಲ್ಲಿ 'ಬದಲಾವಣೆಯ ಕನಿಷ್ಠ ಸಮಯ' ಅನ್ನುವುದನ್ನು ತೆರೆದು 30 ನಿಮಿಷ ಇಡಿ. ಆ ದಿನದ ಕೊನೆಯ ಗಾಡಿಗೆ ಕನೆಕ್ಷನ್ ಆದರೆ ಒಂದು ಗಂಟೆ ಇಡಿ. ಸೈಟು ತಾನಾಗಿ ಕೊಡುವ ಆರು ನಿಮಿಷ, ಎಲ್ಲವೂ ಸರಿಯಾಗಿ ನಡೆದರೆ ಗಟ್ಟಿ ಆಳೊಬ್ಬ ನಡೆದು ದಾಟಬಹುದಾದ ಹೊತ್ತು ಅಷ್ಟೆ. ಕೈಯಲ್ಲಿ 23 ಕೆಜಿಯ ಎರಡು ಪೆಟ್ಟಿಗೆ, ಜೊತೆಗೆ ಮಂಡಿನೋವಿನ ಅತ್ತೆಯವರು ಇದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ನಿಲ್ದಾಣದ ಆಕಾರವನ್ನೂ ನೋಡಿ. ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್, ಮ್ಯೂನಿಕ್, ಜೂರಿಕ್‌ನ ಮೇಲಿನ ಹಾಲು, ಮಿಲಾನ್ ಸೆಂಟ್ರಾಲೆ, ಇವೆಲ್ಲ ಹಳಿ ಮುಗಿಯುವ ನಿಲ್ದಾಣಗಳು. ಮೆಟ್ಟಿಲು ಹತ್ತಬೇಕಿಲ್ಲ, ಆದರೆ ನಡಿಗೆ ಉದ್ದ. ಮ್ಯೂನಿಕ್ ಅಂತೂ ಮೂರು ನಿಲ್ದಾಣ ಸೇರಿ ಒಂದಾದಂತೆ: ದೊಡ್ಡ ಹಾಲಿನಲ್ಲಿ 11ರಿಂದ 26, ಒಂದು ಬದಿಯ ರೆಕ್ಕೆಯಲ್ಲಿ 5ರಿಂದ 10, ಇನ್ನೊಂದು ಬದಿಯಲ್ಲಿ 27ರಿಂದ 36. ರೆಕ್ಕೆಯ ಪ್ಲಾಟ್‌ಫಾರಂಗಳು ಇನ್ನೂ ಹಿಂದಕ್ಕಿವೆ. ಟಿಕೆಟಿನಲ್ಲಿ 'ಇಳಿಯುವುದು 22, ಹತ್ತುವುದು 7' ಅಂತಿದ್ದು ನಡುವೆ ಹತ್ತು ನಿಮಿಷ ಇದ್ದರೆ ಅದು ಓಟದ ಸ್ಪರ್ಧೆ. ಇಳಿಯುವ ಮೊದಲೇ ಬೋಗಿಯೊಳಗೆ ಮುಂಭಾಗಕ್ಕೆ, ಎಂಜಿನ್ ಕಡೆಗೆ, ನಡೆದುಕೊಂಡು ಹೋಗಿರುವುದೇ ಉಪಾಯ. ಹಳಿ ಮುಗಿಯುವ ನಿಲ್ದಾಣದಲ್ಲಿ ಬಾಗಿಲು ಇರುವುದು ಆ ಕಡೆಗೇ.

ಹತ್ತುವಾಗ ಪ್ಲಾಟ್‌ಫಾರಂ ಮೇಲೆ ಎ, ಬಿ, ಸಿ ಅಂತ ಭಾಗ ಮಾಡಿ ಬೋರ್ಡು ಹಾಕಿರುತ್ತಾರೆ. ಯಾವ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಅಂತ ಆ್ಯಪ್ ಚಿತ್ರ ಬರೆದು ತೋರಿಸುತ್ತದೆ. ಇದನ್ನು ಉದಾಸೀನ ಮಾಡಬಾರದು, ಏಕೆಂದರೆ ಕೆಲವು ಗಾಡಿಗಳು ದಾರಿಯಲ್ಲಿ ಒಡೆದು ಎರಡಾಗುತ್ತವೆ. ಬರ್ಲಿನ್‌ನಿಂದ ಬರುವ ಕೆಲವು ಐಸಿಇಗಳು, ಅಂದರೆ ಜರ್ಮನಿಯ ಹೈಸ್ಪೀಡ್ ಗಾಡಿಗಳು, ಹಮ್ ಎಂಬಲ್ಲಿ ಬೇರ್ಪಟ್ಟು ಅರ್ಧ ಒಂದು ಕಡೆಗೂ ಅರ್ಧ ಇನ್ನೊಂದು ಕಡೆಗೂ ಹೋಗುತ್ತವೆ. ಗಾಡಿ ಸರಿ, ಬೋಗಿ ತಪ್ಪು ಅನ್ನುವ ಪಚೀತಿ ಆಗುವುದು ಇಲ್ಲೇ. ಫ್ರಾನ್ಸಿನಲ್ಲಿ ಇನ್ನೊಂದು ಎಚ್ಚರ: ಪ್ಲಾಟ್‌ಫಾರಂ ನಂಬರು ಹೊರಡುವ ಸುಮಾರು ಇಪ್ಪತ್ತು ನಿಮಿಷ ಮೊದಲಷ್ಟೇ ಬೋರ್ಡಿನಲ್ಲಿ ಬರುತ್ತದೆ, ಬಾಗಿಲು ಹೊರಡುವ ಎರಡು ನಿಮಿಷ ಮೊದಲೇ ಮುಚ್ಚುತ್ತದೆ.

ಟಿಕೆಟ್ ಒಂದೋ, ಎರಡೋ

ಪ್ಯಾರಿಸ್–ಮ್ಯೂನಿಕ್ ಒಂದು, ಮ್ಯೂನಿಕ್–ವಿಯೆನ್ನಾ ಒಂದು ಅಂತ ತುಂಡು ಮಾಡಿ ಕೊಂಡರೆ ಎಷ್ಟೋ ಸಲ ಅಗ್ಗ. ಜರ್ಮನಿಯ 'ಶ್ಪಾರ್‌ಪ್ರೈಸ್', ಆಸ್ಟ್ರಿಯಾದ 'ಶ್ಪಾರ್‌ಶೀನ' ಇಂಥ ಮುಂಗಡ ದರಗಳಲ್ಲಿ ಉಳಿತಾಯ ಜೋರಾಗಿಯೇ ಇರುತ್ತದೆ. ಆದರೆ ಆ ಟಿಕೆಟಿನಲ್ಲಿ ಬರೆದ ಗಾಡಿಗೆ ಮಾತ್ರ ಅದು ಸಲ್ಲುತ್ತದೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಏನಾಗುತ್ತದೆ ಅನ್ನುವುದು, ಎರಡೂ ಒಂದೇ ಒಪ್ಪಂದವೋ ಬೇರೆ ಬೇರೆಯೋ ಎಂಬುದರ ಮೇಲೆ ನಿಂತಿದೆ.

2023ರ ಜೂನ್ 7ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ, ಸೇರುವ ಊರಿಗೆ 60ರಿಂದ 119 ನಿಮಿಷ ತಡವಾದರೆ ಟಿಕೆಟ್ ದರದ ಶೇ. 25, 120 ನಿಮಿಷ ಮತ್ತು ಮೇಲಾದರೆ ಶೇ. 50 ಪರಿಹಾರ, ಭೀಕರ ಹವಾಮಾನದಂಥ ಅಸಾಧಾರಣ ಕಾರಣಗಳಿಗೆ ವಿನಾಯಿತಿ ಇದೆ. 60 ನಿಮಿಷ ಅಥವಾ ಹೆಚ್ಚು ತಡವಾಗುವುದು ಮೊದಲೇ ಗೊತ್ತಾದರೆ ಪೂರ್ತಿ ಹಣ ವಾಪಸ್ ಕೇಳಬಹುದು, ಇಲ್ಲವೇ ಬೇರೆ ದಾರಿಯಲ್ಲಿ ಸೇರಿಸಿ ಅನ್ನಬಹುದು. ಒಂದೇ ಟಿಕೆಟ್ ಆಗಿದ್ದರೆ ಈ ಲೆಕ್ಕ ವಿಯೆನ್ನಾದವರೆಗೆ. ಬೇರೆ ಬೇರೆಯಾಗಿದ್ದರೆ ಮೊದಲ ತುಂಡಿಗೆ ಮಾತ್ರ. ಅದು ಮ್ಯೂನಿಕ್‌ಗೆ 40 ನಿಮಿಷ ತಡವಾಗಿ ಬಂದು ನಿಮ್ಮ ರೈಲ್‌ಜೆಟ್ ಹೊರಟುಹೋಗಿದ್ದರೆ ನಿಯಮದ ಪ್ರಕಾರ ನಿಮಗೆ ಏನೂ ಇಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಜರ್ಮನಿಯಲ್ಲಿ ಬದಲಾವಣೆ ಇದ್ದರೆ ಹತ್ತಿಪ್ಪತ್ತು ಯೂರೋ ಹೆಚ್ಚಾದರೂ ಒಂದೇ ಟಿಕೆಟ್ ಕೊಳ್ಳಿ. ಉಳಿತಾಯ ಬಹಳ ದೊಡ್ಡದಾಗಿದ್ದರೆ ತುಂಡು ಮಾಡಿ, ಆದರೆ ನಡುವೆ ಒಂದು ರಾತ್ರಿ ತಂಗಿ. ಜರ್ಮನ್ ಟಿಕೆಟಿಗೆ ಇನ್ನೊಂದು ಸವಲತ್ತಿದೆ. ಸೇರುವ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗುವುದು ಕಂಡುಬಂದರೆ ಗಾಡಿಗೆ ಕಟ್ಟಿಹಾಕಿದ ನಿಯಮ ಬಿದ್ದುಹೋಗುತ್ತದೆ, ಬೇರೆ ಗಾಡಿ ಹತ್ತಬಹುದು. ತಡದ ಸೂಚನೆ ಕಂಡ ಕೂಡಲೇ ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹಾರಿ ಅಲ್ಲಿಂದಲೇ ರೈಲು ಹಿಡಿಯುವವರಿಗೂ ಇದೇ ಮಾತು. ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ, ದೂರದ ಗಾಡಿಗಳದು 'ಫೆರ್ನ್‌ಬಾನ್‌ಹೋಫ್', ಹತ್ತಿರದವುಗಳದು 'ರೆಜಿಯೋನಾಲ್‌ಬಾನ್‌ಹೋಫ್'. ಬೇರೆಯಾಗಿ ಕೊಂಡ ಅಗ್ಗದ ರೈಲು ಟಿಕೆಟಿಗೂ ನಿಮ್ಮ ವಿಮಾನಕ್ಕೂ ಸಂಬಂಧವಿಲ್ಲ. ವಿಮಾನ ತಡವಾದರೆ ಟಿಕೆಟ್ ಹೋಯಿತು. ಇಳಿಯುವ ಹೊತ್ತಿನಿಂದ ಮೂರು ಗಂಟೆ ಬಿಟ್ಟು ಗಾಡಿ ಹಿಡಿಯಿರಿ, ಇಲ್ಲವೇ ಯಾವ ಗಾಡಿಗಾದರೂ ಆಗುವ 'ಫ್ಲೆಕ್ಸ್‌ಪ್ರೈಸ್' ತೆಗೆಯಿರಿ.

ರಿಸರ್ವೇಶನ್ ಬೇರೆ ವಿಷಯ. ಫ್ರಾನ್ಸಿನ ಹೈಸ್ಪೀಡ್ ಗಾಡಿ ಟಿಜಿವಿ, ಲಂಡನ್ ಕಡೆಯ ಯೂರೋಸ್ಟಾರ್, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ಆವೆ, ಬಹುತೇಕ ರಾತ್ರಿ ಗಾಡಿಗಳು, ಇವುಗಳಿಗೆ ಸೀಟು ರಿಸರ್ವೇಶನ್ ಕಡ್ಡಾಯ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಒಳಗಿನ ಗಾಡಿಗಳಿಗೆ ಟಿಕೆಟ್ ಇದ್ದರೆ ಹತ್ತಬಹುದು, ಸೀಟು ಸಿಗುವುದು ಅದೃಷ್ಟ. ಐಸಿಇಯಲ್ಲಿ ಸುಮಾರು 5 ಯೂರೋ ಕೊಟ್ಟರೆ ಸೀಟು ನಂಬರು ಕೊಡುತ್ತಾರೆ. ಶುಕ್ರವಾರ ಸಂಜೆಗೆ ಅದು ದುಬಾರಿಯೇನಲ್ಲ. ವೇಟಿಂಗ್ ಲಿಸ್ಟ್, ಆರ್‌ಎಸಿ ಅನ್ನುವ ನಮ್ಮ ಏರ್ಪಾಡು ಅಲ್ಲಿಲ್ಲ: ಕಡ್ಡಾಯ ಗಾಡಿಯಲ್ಲಿ ಸೀಟು ಮುಗಿಯಿತು ಅಂದರೆ ಮುಗಿಯಿತು.

ವೀಸಾ ಮೊದಲೋ ಟಿಕೆಟ್ ಮೊದಲೋ

ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ಅಗ್ಗದ ಟಿಕೆಟುಗಳು ತಿಂಗಳುಗಟ್ಟಲೆ ಮೊದಲೇ ತೆರೆದು ಬೇಗ ಖಾಲಿಯಾಗುತ್ತವೆ. ವೀಸಾ ಕೈಗೆ ಬರುವಷ್ಟರಲ್ಲಿ ದರ ಏರಿರುತ್ತದೆ. ಅದಕ್ಕಾಗಿ ವಾಪಸಾಗದ ಟಿಕೆಟ್ ಕೊಂಡು ಕೂರಬೇಡಿ. ಜರ್ಮನಿಯ ಸಾದಾ ಶ್ಪಾರ್‌ಪ್ರೈಸನ್ನು ಹೊರಡುವ ಹಿಂದಿನ ದಿನದವರೆಗೆ ಶುಲ್ಕ ಕೊಟ್ಟು ರದ್ದು ಮಾಡಬಹುದು. ಅದರ ಕೆಳಗಿನ 'ಸೂಪರ್' ದರಕ್ಕೆ ಆ ಅನುಕೂಲವಿಲ್ಲ. ಸ್ವಿಟ್ಜರ್ಲೆಂಡಿನ ಮಾಮೂಲಿ ಟಿಕೆಟಿಗೆ ಇವತ್ತೂ ಒಂದೇ ದರ, ಆ ದಿನವೂ ಅದೇ ದರ. ಅದಕ್ಕೆ ಅವಸರವೇ ಬೇಡ.

ಹಣ ಕಟ್ಟುವಾಗ ತೊಡಕು ಬರುವುದು ನಮ್ಮ ಕಡೆಯಿಂದ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಅಲ್ಲಿಗೆ ಹೋದ ಮೇಲೆ ಟಿಕೆಟ್ ಕೊಳ್ಳುವುದಾದರೆ ಒಟಿಪಿ ಬರುವ ಸಿಮ್ಮು ರೋಮಿಂಗ್‌ನಲ್ಲಿ ಇರಲಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ, ಇನಿಷಿಯಲ್ ಬಿಡಿಸುವ ಗೋಜಿಗೆ ಹೋಗಬೇಡಿ. ಸರ್‌ನೇಮ್ ಖಾನೆ ಖಾಲಿ ಇರುವ ಪಾಸ್‌ಪೋರ್ಟು ನಮ್ಮ ಕಡೆ ಎಷ್ಟೋ ಜನರಲ್ಲಿದೆ. ಸೈಟು ಎರಡೂ ಖಾನೆ ತುಂಬು ಅಂದರೆ ಇರುವ ಒಂದು ಹೆಸರನ್ನೇ ಎರಡರಲ್ಲೂ ಹಾಕುವುದು ರೂಢಿ. ಪಾಸ್‌ಪೋರ್ಟನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲಿ ತಪಾಸಣೆ ಶುರುಮಾಡಿತು. ಪೊಲೀಸರು ಗಾಡಿಯೊಳಗೇ ಬಂದು ಕೇಳುತ್ತಾರೆ.

ಹಳಿ ಮುಚ್ಚಿದಾಗ, ಮುಷ್ಕರ ಬಂದಾಗ

2023ರ ಆಗಸ್ಟ್ ಒಂದೇ ತಿಂಗಳಲ್ಲಿ ಆಲ್ಪ್ಸ್‌ನ ಎರಡು ಬಾಗಿಲು ಮುಚ್ಚಿದವು. ಸ್ವಿಟ್ಜರ್ಲೆಂಡಿನ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ತಳಸುರಂಗದಲ್ಲಿ ಗೂಡ್ಸ್ ಗಾಡಿ ಹಳಿ ತಪ್ಪಿತು. ಪೂರ್ತಿ ತೆರೆದದ್ದು 2024ರ ಸೆಪ್ಟೆಂಬರ್‌ನಲ್ಲಿ, ಅಲ್ಲಿಯವರೆಗೆ ಪ್ರಯಾಣಿಕರ ಎಷ್ಟೋ ಗಾಡಿಗಳು ಹಳೆಯ ಬೆಟ್ಟದ ದಾರಿ ಹಿಡಿದು ಸುಮಾರು ಒಂದು ಗಂಟೆ ಹೆಚ್ಚು ತೆಗೆದುಕೊಂಡವು. ಅದೇ ತಿಂಗಳು ಫ್ರಾನ್ಸಿನ ಮೋರಿಯೆನ್ ಕಣಿವೆಯಲ್ಲಿ ಗುಡ್ಡ ಕುಸಿದು ಪ್ಯಾರಿಸ್–ಮಿಲಾನ್ ನೇರ ಗಾಡಿಗಳು ನಿಂತವು, 2025ರ ಮಾರ್ಚ್ ಕೊನೆಗೆ ಮತ್ತೆ ಓಡಿದವು. ಮುಚ್ಚುವುದು ಯಾವಾಗಲೂ ಅವಘಡದಿಂದಲೇ ಅಲ್ಲ. ಜರ್ಮನಿ ತನ್ನ ಹಳೆಯ ಹಳಿಗಳನ್ನು ಒಂದೊಂದಾಗಿ ತಿಂಗಳುಗಟ್ಟಲೆ ಮುಚ್ಚಿ ರಿಪೇರಿ ಮಾಡುತ್ತಿದೆ. ಫ್ರಾಂಕ್‌ಫರ್ಟ್–ಮಾನ್‌ಹೈಮ್ ನಡುವಿನ ಹಳಿ 2024ರ ಜುಲೈನಿಂದ ಡಿಸೆಂಬರ್‌ವರೆಗೆ ಮುಚ್ಚಿತ್ತು; ಹ್ಯಾಂಬರ್ಗ್–ಬರ್ಲಿನ್ ಹಳಿಯನ್ನು 2025ರ ಆಗಸ್ಟ್‌ನಲ್ಲಿ ಮುಚ್ಚಿದರು.

ಇದನ್ನು ಪರದೆಯ ಮೇಲೆ ಗುರುತಿಸುವುದು ಹೀಗೆ: ಒಂದೇ ದಾರಿಯ ಪ್ರಯಾಣದ ಅವಧಿ ಈ ವಾರ ನಾಲ್ಕು ಗಂಟೆ, ಆ ವಾರ ಐದೂವರೆ ಅಂತಿದ್ದರೆ ನಡುವೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಗಾಡಿಯ ಹೆಸರಿನ ಜಾಗದಲ್ಲಿ ಬಸ್ಸಿನ ಚಿತ್ರ ಕಂಡರೆ ಇನ್ನೂ ಖಚಿತ. ಈ ಬದಲಾವಣೆಗಳು ಆಯಾ ದೇಶದ ಸೈಟಿನಲ್ಲಿ ಮೊದಲು ಬರುತ್ತವೆ, ಬೇರೆ ದೇಶದ ಸೈಟಿಗೆ ತಡವಾಗಿ ಮುಟ್ಟುತ್ತವೆ, ಕೆಲವು ಮುಟ್ಟುವುದೇ ಇಲ್ಲ. ಆದ್ದರಿಂದ ಯೋಜನೆಗೆ ಜರ್ಮನ್ ಸೈಟು ಸರಿ, ಹೊರಡುವ ಎರಡು ದಿನ ಮೊದಲು ಆಯಾ ದೇಶದ ಸೈಟು ನೋಡಲೇಬೇಕು.

ಮುಷ್ಕರಕ್ಕೂ ವೇಳಾಪಟ್ಟಿ ಇದೆ. ಇಟಲಿಯಲ್ಲಿ ಮುಷ್ಕರ ಮೊದಲೇ ಘೋಷಣೆಯಾಗಿರುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ಗಾಡಿಗಳಿಗೆ ಖಾತರಿಯ ಹೊತ್ತು, ದೂರದ ಗಾಡಿಗಳಲ್ಲಿ ಓಡುವವುಗಳ ಪಟ್ಟಿಯನ್ನು ಬೇರೆಯಾಗಿ ಕೊಡುತ್ತಾರೆ. ಫ್ರಾನ್ಸಿನಲ್ಲಿ ಯಾವ ಗಾಡಿ ಓಡುತ್ತದೆ ಅನ್ನುವ ಖಚಿತ ಪಟ್ಟಿ ಹಿಂದಿನ ದಿನ ಸಂಜೆ 5 ಗಂಟೆಗೆ ಬರುತ್ತದೆ. ಅದಕ್ಕೆ ಮೊದಲು ಗಾಬರಿಯಾಗಿ ಟಿಕೆಟ್ ರದ್ದು ಮಾಡಬೇಡಿ.

ಪ್ರಶ್ನೋತ್ತರದಿಂದ

ಹಲವು ದೇಶಗಳಿಗೆ ಒಂದೇ ಆದ ರೈಲು ಪಾಸ್ ತೆಗೆದರೆ ಒಳ್ಳೆಯದಾ? ಕರ್ನಾಟಕದಿಂದ ಹೋಗುವವರಿಗೆ ಯೂರೇಲ್, ಅಲ್ಲೇ ವಾಸವಾಗಿರುವ ಕನ್ನಡಿಗರಿಗೆ ಇಂಟರ್‌ರೇಲ್. ನೋಡುವುದು ವಾಸಸ್ಥಳವನ್ನು, ಪಾಸ್‌ಪೋರ್ಟಿನ ಬಣ್ಣವನ್ನಲ್ಲ. ಎರಡೂ 33 ದೇಶಗಳಲ್ಲಿ ನಡೆಯುತ್ತವೆ, ಆದರೆ ಇಂಟರ್‌ರೇಲ್‌ನಲ್ಲಿ ನೀವಿರುವ ದೇಶದೊಳಗೆ ಹೊರಹೋಗಲು ಒಂದು, ವಾಪಸಾಗಲು ಒಂದು ಪ್ರಯಾಣ ಮಾತ್ರ. ಪಾಸ್ ಇದ್ದರೂ ಟಿಜಿವಿ, ಯೂರೋಸ್ಟಾರ್‌ಗಳಿಗೆ ರಿಸರ್ವೇಶನ್ ದುಡ್ಡು ಬೇರೆ, ಪಾಸಿನವರಿಗೆ ಮೀಸಲಿಟ್ಟ ಸೀಟೂ ಮಿತ. ಪ್ಯಾರಿಸ್, ರೋಮ್, ಬಾರ್ಸಿಲೋನಾ ಸುತ್ತುವವರಿಗೆ ಪಾಸ್ ಅಷ್ಟಾಗಿ ಗಿಟ್ಟದು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಮನಬಂದಂತೆ ಅಲೆಯುವವರಿಗೆ ಗಿಟ್ಟುತ್ತದೆ.

ಜರ್ಮನಿಯಲ್ಲಿ ಓದುವ ಮಕ್ಕಳ ಡಾಯ್ಚ್‌ಲಾಂಡ್ ಟಿಕೆಟಿನಲ್ಲಿ ವಿಯೆನ್ನಾಕ್ಕೆ ಹೋಗಬಹುದಾ? 2023ರ ಮೇನಲ್ಲಿ ತಿಂಗಳಿಗೆ 49 ಯೂರೋಗೆ ಬಂದ ಆ ಟಿಕೆಟ್ ಪ್ರಾದೇಶಿಕ ಗಾಡಿಗಳಿಗೆ ಮಾತ್ರ, ದೂರದ ಗಾಡಿಗಳಾದ ಐಸಿಇ, ಐಸಿ, ಇಸಿಗೆ ನಡೆಯದು. ಗಡಿಯಾಚೆ ಸಾಲ್ಜ್‌ಬರ್ಗ್ ನಿಲ್ದಾಣದವರೆಗೆ ಸಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಓಬಿಬಿಯದೋ ವೆಸ್ಟ್‌ಬಾನ್‌ನದೋ ಟಿಕೆಟ್ ಕೊಂಡರೆ ಸಾಕು. ಹುಡುಕುವಾಗ 'ಪ್ರಾದೇಶಿಕ ಗಾಡಿ ಮಾತ್ರ' ಅನ್ನುವ ಗುರುತು ಹಾಕಿ.

ಲಂಡನ್–ಪ್ಯಾರಿಸ್ ಎರಡೂಕಾಲು ಗಂಟೆ ಅಂತಾರೆ, ಹೊತ್ತು ನೋಡಿದರೆ ಮೂರೂಕಾಲು ಬರುತ್ತದಲ್ಲ? ಬರೆದಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಪ್ಯಾರಿಸ್ ಒಂದು ಗಂಟೆ ಮುಂದಿದೆ. ಬುಡಾಪೆಸ್ಟ್‌ನಿಂದ ರೊಮೇನಿಯಾಕ್ಕೆ ಹೋಗುವಾಗಲೂ ಹೀಗೇ. ಲಂಡನ್‌ಗೆ ಬ್ರಿಟಿಷ್ ವೀಸಾ ಬೇರೆ ಬೇಕು, ಹತ್ತುವ ನಿಲ್ದಾಣದಲ್ಲೇ ಎರಡೂ ದೇಶದ ಪಾಸ್‌ಪೋರ್ಟ್ ತಪಾಸಣೆ ಮುಗಿಯುತ್ತದೆ, ಅದಕ್ಕೆ ಒಂದು ಗಂಟೆಗೂ ಮೊದಲೇ ಅಲ್ಲಿರಬೇಕು. ಡಿಸೆಂಬರ್ 25ರಂದು ಬ್ರಿಟನ್ನಿನಲ್ಲಿ ರೈಲೇ ಓಡುವುದಿಲ್ಲ.

ಕೊನೆಯದು, ರಾತ್ರಿ ಗಾಡಿಯ ತಾರೀಖು. 00:10ಕ್ಕೆ ಹೊರಡುವ ಗಾಡಿಗೆ 15ನೇ ತಾರೀಖು ಅಂತಿದ್ದರೆ ನೀವು ನಿಲ್ದಾಣಕ್ಕೆ ಹೋಗಬೇಕಾದ್ದು 14ರ ರಾತ್ರಿ ಊಟ ಮುಗಿಸಿಕೊಂಡು. 15ರ ರಾತ್ರಿ ಹೋದರೆ ಗಾಡಿ ಹೋಗಿ ಇಪ್ಪತ್ತುನಾಲ್ಕು ಗಂಟೆಯಾಗಿರುತ್ತದೆ. ಅದೇ ಲೆಕ್ಕದಲ್ಲಿ ಹೋಟೆಲ್ ರೂಮನ್ನೂ 14ರವರೆಗೆ ಮಾತ್ರ ಹಿಡಿಯಿರಿ.